ಅರ್ಧ ಹೇಳಿದ ಸಾಕ್ಷಿ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೊರಟಿದ್ದ ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಕೈಯಲ್ಲಿ ಚೀಲವಿರಲಿಲ್ಲ, ಗಂಟಿರಲಿಲ್ಲ. ಆದರೂ ಅವರು ಕುಳಿತ ಕೂಡಲೇ ಒಣ ಮೆಣಸಿನಕಾಯಿಯ ಘಾಟು ಮೂಗಿಗೆ ಅಡರಿತು. ವರ್ಷಗಟ್ಟಲೆ ಮೆಣಸಿನಕಾಯಿಯ ತೊಟ್ಟು ಬಿಡಿಸಿದವರ ಸೀರೆಯಲ್ಲಿ ಆ ವಾಸನೆ ನಿಂತುಬಿಡುತ್ತದೆ, ಒಗೆದರೂ ಹೋಗುವುದಿಲ್ಲ. ಮುಂದಿನ ಸೀಟಿನವರು ಎರಡು ಸಲ ಕೆಮ್ಮಿ ಕಿಟಕಿ ಸರಿಸಿದರು. ಆ ಹೆಂಗಸು ಸಂಕೋಚದಿಂದ ಸೆರಗನ್ನು ಮೈಗೆ ಬಿಗಿದುಕೊಂಡು, “ಬ್ಯಾಡಗ್ಯಾಗ ಕೆಲಸ ಮಾಡತೇನ್ರಿ, ಅದರ ವಾಸನಿ” ಎಂದರು.

“ಇರಲಿ ಬಿಡ್ರಿ” ಎಂದೆ. ಆದರೆ ಆ ಊರಿನ ಹೆಸರು ಕೇಳಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡೆ.

ನನ್ನ ಕೈಚೀಲದಲ್ಲಿ ಆರು ಪುಟದ ಭಾಷಣವಿತ್ತು. ರಾಣೆಬೆನ್ನೂರಿನ ಒಂದು ಚರ್ಚಿನ ಮಹಿಳಾ ಕೂಟದವರು ಕರೆದಿದ್ದರು. ದಿನದ ಕೆಲಸಗಳ ನಡುವೆ ಕ್ರಿಸ್ತನ ಕೈ ಬಿಡದೆ ಇರುವುದು ಹೇಗೆ ಎಂಬುದು ವಿಷಯ. ಈ ವಿಷಯದ ಮೇಲೆ ನಾನು ಚೆನ್ನಾಗಿ ಮಾತನಾಡುತ್ತೇನೆ ಎಂಬ ಹೆಸರಿದೆ. ಮದುವೆಯಾಗಿ ಹಾವೇರಿಗೆ ಬಂದ ಮೇಲೆ, ಶಾಲೆಯ ಕೆಲಸದ ಜೊತೆಗೆ, ಎಷ್ಟೋ ಊರುಗಳಲ್ಲಿ ಇದನ್ನೇ ಮಾತನಾಡಿದ್ದೇನೆ. ಪ್ರತಿ ಸಲವೂ “ನಾನು ಕಂಡ ಒಬ್ಬ ತಾಯಿ” ಎಂದು ಶುರುಮಾಡಿ ಒಬ್ಬರ ಮಾತುಗಳನ್ನು ಹೇಳುತ್ತೇನೆ. ಕೇಳಿದ ಹೆಂಗಸರು ನಗುತ್ತಾರೆ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾರೆ. ಆ ತಾಯಿಗೆ ನಾನು ಏನು ಮಾಡಿದೆ ಎಂಬುದನ್ನು ಮಾತ್ರ ಯಾವ ಕೂಟದಲ್ಲಿಯೂ ಹೇಳಿಲ್ಲ.

ಬ್ಯಾಡಗಿಯಲ್ಲಿ ನನ್ನ ತವರುಮನೆಯ ಗೋಡೆಗೆ ಹತ್ತಿಕೊಂಡೇ ಅವರ ಮನೆ. ನಾನು ಚಿಗವ್ವ ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ, ಓಣಿಯ ಸಂಬಂಧ. ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನ. ಚಿಗವ್ವ ಮತ್ತು ಅವರ ಗಂಡ ಮಾತ್ರ ಹಿಂದೆ ಕುಮಾರಪಟ್ಟಣದ ಕಡೆ ಕೂಲಿಗೆ ಹೋಗಿದ್ದಾಗ ಅಲ್ಲಿನ ಪ್ರಾರ್ಥನಾ ಕೂಟಕ್ಕೆ ಸೇರಿ ದೀಕ್ಷಾಸ್ನಾನ ತೆಗೆದುಕೊಂಡವರು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಚಿಗವ್ವ ಅತ್ತೆಯನ್ನು ಕರೆದುಕೊಂಡು ಬ್ಯಾಡಗಿಗೆ ಬಂದು ಮೆಣಸಿನಕಾಯಿ ಕೆಲಸಕ್ಕೆ ಸೇರಿದರು. ಅತ್ತೆ ಮಾತ್ರ ತಮ್ಮ ದೇವರನ್ನು ಬಿಟ್ಟಿರಲಿಲ್ಲ. ಒಂದೇ ಕೋಣೆಯಲ್ಲಿ ಒಂದು ಮೂಲೆಯಲ್ಲಿ ಮುದುಕಿಯ ದೇವರ ಗೂಡು, ಇನ್ನೊಂದು ಮೂಲೆಯಲ್ಲಿ ಚಿಗವ್ವ ಮೊಣಕಾಲೂರುವ ಜಾಗ. ಅತ್ತೆ ಸೊಸೆಯರ ನಡುವೆ ಅದರ ಬಗ್ಗೆ ಒಂದು ಮಾತೂ ಬಂದದ್ದನ್ನು ನಾನು ಕೇಳಲಿಲ್ಲ.

ಚಿಗವ್ವನಿಗೆ ಓದು ಬರುತ್ತಿರಲಿಲ್ಲ. ಅವರ ಪ್ರಾರ್ಥನೆಗೆ ವೇಳೆಯೂ ಇರಲಿಲ್ಲ. ಕ್ರಿಸ್ತನನ್ನು ಅವರು “ಯಪ್ಪಾ” ಎನ್ನುತ್ತಿದ್ದರು, ಪಕ್ಕದಲ್ಲೇ ಕುಳಿತವನಿಗೆ ಹೇಳುವ ಹಾಗೆ ದಿನವಿಡೀ ಅದೂ ಇದೂ ಹೇಳುತ್ತಿದ್ದರು. ಕೊಡ ಎತ್ತುವಾಗ “ಯಪ್ಪಾ, ವಜ್ಜಿ ಐತಿ, ಕೈ ಹಚ್ಚು.” ಒಲೆ ಹೊತ್ತದಿದ್ದರೆ “ನೋಡು, ಕಟಗಿ ಹಸಿ ಅದಾವ.” ಒಮ್ಮೆ ಕೆಲಸದಲ್ಲಿ ಯಾರೋ ಅವರನ್ನು ಬೈದಿದ್ದರು. ಮನೆಗೆ ಬಂದವರೇ ಕಟ್ಟೆಯ ಮೇಲೆ ಕುಳಿತು, “ತಡಿ ಯಪ್ಪಾ, ಈಗ ಸಿಟ್ಟಿನ್ಯಾಗ ಅದೇನಿ. ಏನರ ಅಂದೇನು ನಿನಗ. ಆಮ್ಯಾಲ ಮಾತಾಡತೇನಿ” ಎಂದರು. ಚಹಾ ಕುಡಿದು, ಮುಖ ತೊಳೆದು, ಒಂದು ಗಳಿಗೆಯ ನಂತರ, “ಹೂಂ, ಈಗ ಹೇಳು” ಎಂದರು. ನಾನು ಬಾಗಿಲಲ್ಲಿ ನಿಂತು ನಕ್ಕುಬಿಟ್ಟೆ. ಅವರೂ ನಕ್ಕರು.

ಆ ನಗುವಿನ ತಳದಲ್ಲಿ ನನಗೊಂದು ತಾತ್ಸಾರವಿತ್ತು. ಇದನ್ನು ಈಗ ಒಪ್ಪಿಕೊಳ್ಳಬೇಕು. ನನಗಾಗ ಇಪ್ಪತ್ನಾಲ್ಕು ವರ್ಷ. ಟೀಚರ್ ತರಬೇತಿ ಮುಗಿಸಿದ್ದೆ, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ಐದಕ್ಕೆದ್ದು ಮೂರು ಅಧ್ಯಾಯ ಓದಿ, ಓದಿದ್ದಕ್ಕೆ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಗುರುತು ಹಾಕುವ ಸುಖವೇ ದೊಡ್ಡದಾಗಿತ್ತೇನೋ... ಒಂದು ದಿನ ಆ ಪಟ್ಟಿಯನ್ನು ಚಿಗವ್ವನಿಗೆ ತೋರಿಸಿದೆ. ಅವರು ಮೆಣಸಿನಕಾಯಿ ಹಿಡಿದು ಕೆಂಪಾದ ಬೆರಳನ್ನು ಕಾಗದಕ್ಕೆ ತಾಗಿಸದೆ, ದೂರದಿಂದಲೇ ನೋಡಿ, “ಭಾಳ ಚಂದ ಮಾಡೀ ಯವ್ವಾ. ನನಗ ಓದಾಕ ಬರೂದಿಲ್ಲ. ಅದಕ್ಕ ಬಿಡದ ಮಾತಾಡಕೋಂತ ಇರತೇನಿ. ಮಾತು ಬಿಟ್ಟರ ಎಲ್ಲಿ ಮರತಬಿಡತೇನೋ ಅಂತ ಅಂಜಿಕಿ” ಎಂದರು.

ನಮ್ಮ ಚರ್ಚಿನ ಸಭೆ ಚಿಕ್ಕದು. ಯಾರಿಗಾದರೂ ಮಗು ಹುಷಾರಿಲ್ಲದಿದ್ದರೆ, ಗಂಡ ಕುಡಿದು ಬಂದರೆ, ಹೆಂಗಸರು ಚಿಗವ್ವನ ಕಟ್ಟೆಗೆ ಹೋಗುತ್ತಿದ್ದರು. ನಮ್ಮ ಮನೆ ದಾಟಿಕೊಂಡೇ ಹೋಗುತ್ತಿದ್ದರು. ನನ್ನ ಬಳಿಗೆ ಯಾರೂ ಬರುತ್ತಿರಲಿಲ್ಲ.

ಆ ವರ್ಷ ಮಹಿಳಾ ಭಾನುವಾರ ಹತ್ತಿರ ಬಂದಿತ್ತು. ಅಂದಿನ ಆರಾಧನೆಯಲ್ಲಿ ಒಬ್ಬ ಹೆಂಗಸು ಎದ್ದು ನಿಂತು ತನ್ನ ದಿನದ ಬದುಕಿನಲ್ಲಿ ಕ್ರಿಸ್ತನನ್ನು ಕಂಡ ಬಗೆಯನ್ನು ಹೇಳಬೇಕು. ಅದನ್ನು ಸಾಕ್ಷಿ ಕೊಡುವುದು ಎನ್ನುತ್ತೇವೆ. ನನ್ನನ್ನೇ ಕೇಳುತ್ತಾರೆಂದು ಹದಿನೈದು ದಿನ ಮೊದಲೇ ಬರೆದಿಟ್ಟುಕೊಂಡಿದ್ದೆ. ಹೆಂಗಸರ ಕೂಟದಲ್ಲಿ ನಮ್ಮ ಪಾದ್ರಿ ಅಯ್ಯನವರ ಹೆಂಡತಿ, “ಯಾರು ಹೇಳತೀರಿ?” ಎಂದಾಗ ನಾಲ್ಕೈದು ಜನ ಒಟ್ಟಿಗೆ ಚಿಗವ್ವನ ಕಡೆ ಕೈ ತೋರಿಸಿದರು. ಚಿಗವ್ವ ಗಾಬರಿಯಾಗಿ, “ನನಗ ನಿಂತು ಮಾತಾಡಾಕ ಬರೂದಿಲ್ರಿ, ಕುಂತ ಹೇಳತೇನಿ” ಎಂದರು. ಎಲ್ಲರೂ ನಕ್ಕು ಒಪ್ಪಿದರು. ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಬರೆದ ಹಾಳೆಗಳನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ತುರುಕಿದೆ.

ಅದೇ ವಾರದ ಒಂದು ದಿನ ಐರಣಿಯಲ್ಲಿದ್ದ ಗೆಳತಿಯ ಮನೆಗೆ ಹೊರಟಿದ್ದೆ. ರಾಣೆಬೆನ್ನೂರಿನ ನಿಲ್ದಾಣದಲ್ಲಿ ಐರಣಿಯ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ಚಿಗವ್ವ ಮತ್ತು ಅವರ ಅತ್ತೆ ಕುಳಿತಿದ್ದರು. ಮುದುಕಿಯ ಮಡಿಲಲ್ಲಿ ಕಾಯಿ, ಹೂವು, ಊದಿನಕಡ್ಡಿಯ ಚೀಲ. ಮುದುಕಿಗೆ ಆಗಲೇ ಕಣ್ಣು ಮಂದವಾಗಿತ್ತು. ತಲೆಯೂ ಒಮ್ಮೆ ಸರಿ ಇದ್ದರೆ ಒಮ್ಮೆ ಇರುತ್ತಿರಲಿಲ್ಲ. ನಾನು ಮಾತನಾಡಿಸಬಹುದಿತ್ತು. ದಿನಾ ಗೋಡೆಯಾಚೆಯಿಂದ ಮಾತನಾಡಿಸುವವಳು ನಾನು. ಆ ಚೀಲ ಕಂಡದ್ದೇ ಬಾಯಿ ಮುಚ್ಚಿಕೊಂಡು ಹಿಂದಿನ ಸೀಟಿಗೆ ಹೋಗಿ ಕುಳಿತೆ.

ಐರಣಿಯಲ್ಲಿ ಇಳಿದ ಮೇಲೆ ಗೆಳತಿಯ ಮನೆಯ ದಾರಿ ಬಿಟ್ಟು ಅವರ ಹಿಂದೆ ಹೋದೆ. ಹೊಳೆಯ ದಂಡೆಯ ಮೇಲೊಂದು ಸಣ್ಣ ಗುಡಿ. ನಾನು ಬೇವಿನ ಮರದ ಮರೆಗೆ ನಿಂತೆ. ಮುದುಕಿಯ ಕೈ ನಡುಗುತ್ತಿದ್ದುದರಿಂದ ಪೂಜೆಯ ತಾಟನ್ನು ಚಿಗವ್ವ ಹಿಡಿದಿದ್ದರು. ಹೊಸ್ತಿಲಲ್ಲಿ ಪೂಜಾರಿ ಬಂದು ತಾಟು ತೆಗೆದುಕೊಂಡು ಮುದುಕಿಯ ಕೈ ಹಿಡಿದು ಒಳಗೆ ಕರೆದೊಯ್ದರು. ಚಿಗವ್ವ ಒಳಗೆ ಹೋಗಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕುಳಿತರು. ಅವರ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದರೆಂದು ನನಗೆ ಕೇಳಿಸಲಿಲ್ಲ, ಯಾರಿಗೆ ಹೇಳುತ್ತಿದ್ದರೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಮುದುಕಿ ಕುಂಕುಮ ಹಿಡಿದುಕೊಂಡು ಹೊರಗೆ ಬಂದರು. ತಡಕಾಡಿ ಸೊಸೆಯ ಹಣೆ ಹುಡುಕಿ ಅಗಲವಾಗಿ ಹಚ್ಚಿದರು. “ನನ್ನ ಮಗಾ ನೂರು ವರ್ಷ ಬಾಳ್ಲಿ. ಸಂಜೀಕ ಬರತಾನ, ಅವಗ ಬಿಸಿ ರೊಟ್ಟಿ ಮಾಡಿ ಹಾಕ” ಎಂದರು. ಆ ಮಗ ಸತ್ತು ಆರು ವರ್ಷವಾಗಿತ್ತು. ಮುದುಕಿಗೆ ಅದು ಮರೆತುಹೋಗಿತ್ತು. ಚಿಗವ್ವ ಕಣ್ಣು ಮುಚ್ಚಿಕೊಂಡು ಕಂಬದ ಹಾಗೆ ನಿಂತಿದ್ದರು. ಆಮೇಲೆ “ಹೂಂ ಅತ್ತಿ, ಮಾಡತೇನಿ” ಎಂದು ಮುದುಕಿಯ ಕೈ ಹಿಡಿದುಕೊಂಡು ನಡೆದರು. ಕುಂಕುಮವನ್ನು ಒರೆಸಲಿಲ್ಲ.

ನಾನು ಇಷ್ಟನ್ನೂ ನೋಡಿದೆ, ಇಷ್ಟನ್ನೂ ಕೇಳಿದೆ.

ಮುಂದಿನ ಪ್ರಾರ್ಥನಾ ಕೂಟಕ್ಕೆ ಚಿಗವ್ವ ಬಂದಿರಲಿಲ್ಲ, ಅತ್ತೆಗೆ ಜ್ವರ. ಯಾರ ಯಾರ ಸಲುವಾಗಿ ಪ್ರಾರ್ಥಿಸಬೇಕು ಎಂದು ಕೇಳುವ ಹೊತ್ತಿಗೆ ನಾನು ತಲೆ ತಗ್ಗಿಸಿ, ದನಿ ಇಳಿಸಿ ಹೇಳಿದೆ: “ನಮ್ಮ ಸಭೆಯ ಒಬ್ಬ ಸಹೋದರಿ ಗುಡಿಗೆ ಹೋಗಿ ತಾಟು ಹಿಡಿದು, ಕುಂಕುಮ ಹಚ್ಚಿಕೊಂಡದ್ದನ್ನ ಕಂಡೆ. ಹೆಸರು ಹೇಳೂದಿಲ್ರಿ. ಅವರ ಸಲುವಾಗಿ ಪ್ರಾರ್ಥನಾ ಮಾಡೋಣ.” ಎಷ್ಟು ಮೃದುವಾಗಿ ಹೇಳಿದೆ! ಹೇಳುವಾಗ ಕಣ್ಣಲ್ಲಿ ನೀರೂ ಬಂತು. ಕೂಟ ಮುಗಿದ ಮೇಲೆ ಅಯ್ಯನವರ ಹೆಂಡತಿ ನನ್ನನ್ನು ಬದಿಗೆ ಕರೆದು ಹೆಸರು ಕೇಳಿದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ. ಆ ಸ್ವಲ್ಪ ಹೊತ್ತು ಸುಮ್ಮನಿದ್ದದ್ದು ಕೂಡ ನಟನೆಯೇ.

ಒಂದು ವಾರದಲ್ಲಿ ಸಭೆಯ ಹಿರಿಯರು ಚಿಗವ್ವನನ್ನು ಕರೆಸಿದರು. ನನ್ನ ಅಕ್ಷರ ಚೆನ್ನಾಗಿದೆಯೆಂದು ನಡಾವಳಿ ಬರೆಯಲು ನನ್ನನ್ನೇ ಕೂರಿಸಿದ್ದರು. ಚಿಗವ್ವ ಕೆಲಸದಿಂದ ನೇರವಾಗಿ ಬಂದಿದ್ದರು. ಮುಖದ ಮೇಲೆ ಮೆಣಸಿನ ಪುಡಿ ಹಾಗೇ ಇತ್ತು. ಒಬ್ಬ ಹಿರಿಯರು ಕೇಳಿದರು.

“ಐರಣಿಯೊಳಗ ಗುಡಿ ಮುಂದ ತಾಟು ಹಿಡಿದಿದ್ದಿ ಅಂತಾರ. ಖರೇ ಏನು?”

“ಖರೇ ರಿ. ಅತ್ತಿ ಕೈ ನಡಗತಾವ.”

“ಕುಂಕುಮ?”

“ಅದೂ ಖರೇ ರಿ.”

“ಯಾಕ ಹಚಗೊಂಡಿ? ಒರಸಲಿಲ್ಲ ಯಾಕ?”

ಚಿಗವ್ವ ತಲೆಯೆತ್ತಿ ಸುತ್ತ ನೋಡಿದರು. ಆ ನೋಟ ನನ್ನ ಮೇಲೂ ಬಂತು, ಒಂದು ಕ್ಷಣ ನಿಂತಿತು. ನಾನು ಪೆನ್ನಿನ ಕ್ಯಾಪು ತೆಗೆದು ಹಾಕುತ್ತ ಕುಳಿತಿದ್ದೆ. “ಅದನ್ನ ಹೇಳಾಕ ಬರೂದಿಲ್ರಿ” ಎಂದರು ಚಿಗವ್ವ. “ಅವಗ ಗೊತ್ತೈತಿ.”

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಒಳಗೆ ಹೋಗಲಿಲ್ಲರಿ, ಮುದುಕಿಗೆ ಮಗ ಸತ್ತದ್ದು ನೆನಪಿಲ್ಲರಿ, ನಾನು ಅಲ್ಲೇ ಇದ್ದೆ ಎಂದಿದ್ದರೆ ಸಾಕಿತ್ತು. ನಾನು ಪುಸ್ತಕದಲ್ಲಿ “ತಪ್ಪನ್ನು ಒಪ್ಪಿಕೊಂಡಳು” ಎಂದು ಬರೆದೆ. ಬಹುವಚನವನ್ನೂ ಬಳಸಲಿಲ್ಲ.

ತಿಂಗಳ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಎಲ್ಲರೂ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಅದೇ ಕರ್ತನ ಭೋಜನ. ಚಿಗವ್ವ ಒಂದು ವರ್ಷ ಅದಕ್ಕೆ ಬರಕೂಡದು ಎಂದು ತೀರ್ಮಾನವಾಯಿತು. ಮಹಿಳಾ ಭಾನುವಾರದ ಸಾಕ್ಷಿಯನ್ನು ನಾನು ಕೊಟ್ಟೆ. ಪೆಟ್ಟಿಗೆಯ ತಳದಿಂದ ಹಾಳೆಗಳನ್ನು ತೆಗೆದು ಸುಕ್ಕು ಬಿಡಿಸಿಕೊಂಡು ಹೋಗಿದ್ದೆ. ಬಹಳ ಚೆನ್ನಾಗಿ ಆಯಿತು ಎಂದು ಎಲ್ಲರೂ ಹೇಳಿದರು. ಕೊನೆಯ ಸಾಲಿನಲ್ಲಿ ಜಮಖಾನೆಯ ಮೇಲೆ ಕುಳಿತಿದ್ದ ಚಿಗವ್ವನೂ ಬಂದು, “ಎಷ್ಟ ಚಂದ ಹೇಳಿದಿ ಯವ್ವಾ” ಎಂದರು. ಅವರ ದನಿಯಲ್ಲಿ ಚುಚ್ಚು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು...

ಅವರು ಒಂದು ಭಾನುವಾರವೂ ತಪ್ಪಿಸಲಿಲ್ಲ. ಎಲ್ಲರೂ ಎದ್ದು ಸಾಲಾಗಿ ಮುಂದೆ ಹೋದಾಗ ಹಿಂದೆ ಒಬ್ಬರೇ ಉಳಿಯುತ್ತಿದ್ದರು. ಒಂದು ದಿನ ನನಗೆ ತಡೆಯಲಾಗದೆ, ಕನಿಕರದ ಸೋಗು ಹಾಕಿಕೊಂಡು ಕೇಳಿದೆ: “ಚಿಗವ್ವಾ, ದೂರ ಆದಂಗ ಅನಸ್ತೈತೇನ್ರಿ?”

ಅವರು ಮೆಣಸಿನಕಾಯಿಯ ಉರಿಗೆ ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. “ಅವ ಎಲ್ಲಿ ದೂರ ಹೋಗತಾನವಾ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಮುರಿಯೂ ಮುಂದ ‘ಬಾ ಯಪ್ಪಾ, ಉಣ್ಣೂಣು’ ಅಂತೇನಿ. ಬರತಾನ” ಎಂದರು. ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿ, ನನ್ನ ಕಡೆ ನೋಡದೆ, “ಆದ್ರ ಎಲ್ಲಾರ ಜೋಡಿ ಹೋಗಿ ತಗೊಳ್ಳೂದು ಬ್ಯಾರೇನ. ಆ ಹೊತ್ತಿಗೆ ಜಮಖಾನಿ ಎಳಿ ಎಣಿಸಕೋಂತ ಕುಂದರತೇನಿ, ತಲಿ ಎತ್ತಾಕ ಆಗೂದಿಲ್ಲ” ಎಂದರು. ಅವರು ನೋವನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಈ ಮಾತಿನ ಮೊದಲ ಅರ್ಧವನ್ನು ನಾನು ಊರೂರಿನ ಕೂಟಗಳಲ್ಲಿ ಹೇಳಿದ್ದೇನೆ. ಎರಡನೆಯ ಅರ್ಧವನ್ನು ಇಲ್ಲಿಯೇ ಮೊದಲ ಸಲ ಬರೆಯುತ್ತಿದ್ದೇನೆ.

ಏಳು ತಿಂಗಳಾಗುವಷ್ಟರಲ್ಲಿ ಮುದುಕಿ ತೀರಿಕೊಂಡರು. ಚಿಗವ್ವ ಮನೆ ಬಿಟ್ಟು ರಾಣೆಬೆನ್ನೂರಿನ ತಂಗಿಯ ಮನೆಗೆ ಹೊರಟರು. ಹೊಸ ಊರಿನ ಸಭೆಗೆ ಸೇರಲು ಇಲ್ಲಿಂದ ಪತ್ರ ಬೇಕು. ಅಯ್ಯನವರು ಹೇಳಿದಂತೆ ನಾನೇ ಬರೆದೆ. “ಈ ಸಹೋದರಿಯನ್ನು ಶಿಸ್ತುಕ್ರಮವಾಗಿ ಕರ್ತನ ಭೋಜನದಿಂದ ತಡೆಯಲಾಗಿದೆ” ಎಂಬ ಸಾಲೂ ಅದರಲ್ಲಿತ್ತು. ಇನ್ನು ಐದು ತಿಂಗಳು ಮಾತ್ರ ಎಂದು ಸೇರಿಸಲು ಅಯ್ಯನವರು ಹೇಳಲಿಲ್ಲ. ಮರೆತಿದ್ದರು. ನನಗೆ ಮರೆತಿರಲಿಲ್ಲ. ನೆನಪಿಸಲಿಲ್ಲ.

ಪತ್ರ ಒಯ್ಯಲು ಚಿಗವ್ವ ನಮ್ಮ ಮನೆಗೆ ಬಂದರು. ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು, “ಏನ ಬರದೀ ತಂಗಿ ಇದರಾಗ?” ಎಂದು ಕೇಳಿದರು.

“ನೀವು ನಮ್ಮ ಸಭೆಯವರು ಅಂತ ಬರದೇನ್ರಿ” ಎಂದೆ.

ಅವರು ಬಾಗಿಲ ತನಕ ಹೋದವರು ತಿರುಗಿ ಬಂದರು. ನನ್ನ ಗಲ್ಲ ಮುಟ್ಟಿ, ಬಹಳ ಸಹಜವಾಗಿ ಹೇಳಿದರು: “ಅವತ್ತು ಐರಣಿಯೊಳಗ ಹೊಳಿ ದಂಡ್ಯಾಗ ನೀ ನಿಂತಿದ್ದನ್ನ ನೋಡಿದ್ನೆವಾ. ಬೇವಿನ ಗಿಡದ ಕೆಳಗ. ಕರೀಬೇಕು ಅಂದೆ, ಅತ್ತಿ ಕೈ ಬಿಡಾಕ ಬರಲಿಲ್ಲ.”

ಹಾಗಾದರೆ ಹಿರಿಯರ ಮುಂದೆ ತಲೆಯೆತ್ತಿ ನನ್ನನ್ನು ನೋಡಿದಾಗ ಅವರಿಗೆ ಎಲ್ಲ ಗೊತ್ತಿತ್ತು. ನಾನು ಬಾಯಿ ತೆರೆಯುತ್ತೇನೆಂದು ಕಾದಿದ್ದರು. ಈಗಲೂ ಅವರು ನನಗೊಂದು ದಾರಿ ಬಿಟ್ಟುಕೊಟ್ಟಿದ್ದರು. ಹೌದು ಚಿಗವ್ವ ಎಂದಿದ್ದರೆ ಮುಗಿಯುತ್ತಿತ್ತು.

“ನಾನಲ್ಲರಿ” ಎಂದೆ. “ನಾ ಐರಣಿಗೆ ಹೋಗೇ ಇಲ್ಲ. ಬ್ಯಾರೆ ಯಾರರ ಇರಬೇಕು.”

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಹುಷಾರಿಲ್ಲದ ಮಗುವನ್ನು ನೋಡುವ ಹಾಗಿತ್ತು ಆ ನೋಟ. “ಹೌದಾ? ಇರಬೇಕು ಬಿಡವಾ. ನನ್ನ ಕಣ್ಣೂ ಮಬ್ಬಾಗಾಕತ್ಯಾವ” ಎಂದು ಹೊರಟುಹೋದರು.

ಅತ್ತೆಯ ಮರೆವನ್ನು ಮುಚ್ಚಿದ ಹಾಗೆಯೇ ನನ್ನ ಸುಳ್ಳನ್ನೂ ಮುಚ್ಚಿ ಹೋದರು.

ಅದಾಗಿ ಇಪ್ಪತ್ತೇಳು ವರ್ಷ. ಹಾವೇರಿಯಿಂದ ರಾಣೆಬೆನ್ನೂರು ಒಂದು ಗಂಟೆಯ ದಾರಿಯೂ ಅಲ್ಲ. ನಾನು ಅವರನ್ನು ನೋಡಲು ಒಂದು ಸಲವೂ ಹೋಗಲಿಲ್ಲ. ತೀರಿಕೊಂಡ ಸುದ್ದಿ ಬಂದಾಗ ಶಾಲೆಯಲ್ಲಿ ಪರೀಕ್ಷೆ ಎಂದುಕೊಂಡೆ. ಪರೀಕ್ಷೆ ಇದ್ದದ್ದು ನಿಜ. ರಜೆ ಕೇಳಿದ್ದರೆ ಕೊಡುತ್ತಿದ್ದದ್ದೂ ನಿಜ.

ಆ ದಿನ ಮೆಣಸಿನ ಘಾಟಿನ ಬಸ್ಸಿನಿಂದ ರಾಣೆಬೆನ್ನೂರಿನಲ್ಲಿ ಇಳಿದು, ಪಕ್ಕದ ಹೆಂಗಸಿಗೆ ಹೋಗಿ ಬರುತ್ತೇನೆಂದು ಹೇಳಿ, ಕೂಟಕ್ಕೆ ಹೋದೆ. ನಾಚಿಕೆಯೇನೋ ಇತ್ತು, ಆದರೂ ಮಾತನಾಡಿದೆ. ರೂಢಿಯೇ ಹಾಗೆ, ಎದ್ದು ನಿಂತರೆ ಬಾಯಿ ತಾನಾಗಿ ಓಡುತ್ತದೆ. “ನಾನು ಕಂಡ ಒಬ್ಬ ತಾಯಿ” ಎಂದೆ. “ತಡಿ ಯಪ್ಪಾ, ಈಗ ಸಿಟ್ಟಿನ್ಯಾಗ ಅದೇನಿ” ಎಂದಾಗ ಎಲ್ಲರೂ ನಕ್ಕರು. ಮೂರನೆಯ ಸಾಲಿನಲ್ಲಿದ್ದ ಒಬ್ಬಾಕೆ ಮಾತ್ರ ನಗಲಿಲ್ಲ. ನಲವತ್ತರ ಆಸುಪಾಸಿನ ಹೆಂಗಸು. ನನ್ನನ್ನು ದಿಟ್ಟಿಸಿ ನೋಡುತ್ತಲೇ ಇದ್ದಳು.

ಕೂಟ ಮುಗಿದ ಮೇಲೆ ಆಕೆ ಬಂದು ಕೇಳಿದಳು. “ಆ ಮಾತು ಆಡತಿದ್ದಾಕಿ ನಮ್ಮ ದೊಡ್ಡವ್ವ ರಿ. ನಮ್ಮವ್ವನ ಅಕ್ಕ. ನೀವು ಹೆಸರು ಯಾಕ ಹೇಳಲಿಲ್ಲ?”

“ಹೊರಗ ಕುಂದರೂಣು ಬರ್ರಿ” ಎಂದೆ. ಈಗ ಇದನ್ನು ಬರೆಯುವಾಗಲೂ ಆ ಹೆಸರು ಬರೆಯುವ ಧೈರ್ಯ ಬರುತ್ತಿಲ್ಲ. ಆ ಹೆಸರನ್ನು ನಾನು ಕೊನೆಯ ಸಲ ಬರೆದದ್ದು ಆ ಪತ್ರದಲ್ಲಿ.

ನಾವಿಬ್ಬರೂ ಚರ್ಚಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಆಕೆಯೇ ಹೇಳುತ್ತಾ ಹೋದಳು. “ಇಲ್ಲಿ ಬಂದ ಮ್ಯಾಲೂ ಐದು ವರ್ಷ ದೊಡ್ಡವ್ವಗ ಭೋಜನ ಕೊಡಲಿಲ್ರಿ. ಬ್ಯಾಡಗಿಯಿಂದ ತಂದ ಪತ್ರದಾಗ ಹಂಗ ಬರದಿತ್ತು. ಎಷ್ಟ ದಿನ ಅಂತ ಇರಲಿಲ್ಲ. ಅಲ್ಲಿ ಅಯ್ಯನವರು ಬದಲಿ ಆಗಿದ್ದರು. ಯಾರೂ ಕೇಳಲಿಲ್ಲ, ಈಕೀನೂ ಕೇಳಲಿಲ್ಲ. ಆಮ್ಯಾಲ ಒಬ್ಬ ಹೊಸಾ ಅಯ್ಯನವರು ಬಂದು, ಈಕಿ ಒಬ್ಬಾಕಿ ಯಾಕ ಹಿಂದ ಕುಂದರತಾಳ ಅಂತ ಕೇಳಿ, ಕಾಗದ ತಗಿಸಿ ನೋಡಿ, ಅವತ್ತ ಕೈ ಹಿಡದು ಮುಂದ ಕರಕೊಂಡು ಹೋದರು.”

ಐದು ವರ್ಷ. ಒಂದು ಸಾಲನ್ನು ಸೇರಿಸದೆ ಬಿಟ್ಟದ್ದಕ್ಕೆ ಐದು ವರ್ಷ.

“ಆ ಪತ್ರ ಬರದಾಕಿ ನಾನ” ಎಂದೆ. ಐರಣಿಯ ಗುಡಿಯ ಮೆಟ್ಟಿಲು, ಕುಂಕುಮ, ಮುದುಕಿಯ ಮಾತು, ಹಿರಿಯರ ಸಭೆ, ಎಲ್ಲವನ್ನೂ ಹೇಳಿದೆ. ಇಡೀ ಜೀವನದಲ್ಲಿ ಮೊದಲ ಬಾರಿಗೆ ಪೂರ್ತಿ ಹೇಳಿದೆ. ಮಾತು ಹಿಂದುಮುಂದಾಗಿ ಬಂತು. ಕೂಟಗಳಲ್ಲಿ ಮಾತನಾಡುವ ನನ್ನ ನುಡಿ ಅದಾಗಿರಲಿಲ್ಲ.

ಆಕೆ ಬೆಂಚಿನ ಮೇಲೆ ಬಿದ್ದಿದ್ದ ಎಲೆಗಳನ್ನು ಒಂದೊಂದಾಗಿ ಕೆಳಗೆ ಸರಿಸಿದಳು. ಆಮೇಲೆ ಹೇಳಿದಳು. “ಆ ಪತ್ರ ಓದಿದಾಕಿ ನಾನ ರಿ. ನಾ ಆವಾಗ ಸಾಲ್ಯಾಗ ಆರನೇ ಇಯತ್ತೆ. ಬಸ್ ಸ್ಟ್ಯಾಂಡಿಗೆ ಕರಕೊಂಡು ಬರಾಕ ಹೋಗಿದ್ದೆ. ಅಲ್ಲೇ ಲಕೋಟಿ ತಗದು ಓದಂದ್ಲು. ಓದಿದೆ. ಕೊಡಬ್ಯಾಡ ದೊಡ್ಡವ್ವ, ಹರದ ಒಗಿ, ಇಲ್ಲಿ ಯಾರಿಗೆ ಗೊತ್ತಾಗತೈತಿ ಅಂದೆ. ‘ಮುಚ್ಚಿಟ್ಟು ಅವನ ಮುಂದ ಹೆಂಗ ಕುಂದರ್ಲಿ? ಮಾತಾಡಾಕ ಬಾಯಿ ಬರಬೇಕಲ್ಲ’ ಅಂದ್ಲು. ಸೀದಾ ಹೋಗಿ ಕೊಟ್ಟಳು.”

“ಕುಂಕುಮ ಯಾಕ ಒರಸಲಿಲ್ಲ ಅನ್ನೂದನ್ನ ಯಾರಿಗರ ಹೇಳಿದ್ರೇನು?” ಎಂದು ಕೇಳಿದೆ.

“ಸಾಯೂ ಮುಂದ ನನಗ ಒಬ್ಬಾಕೀಗೆ ಹೇಳಿದ್ಲು. ಅವತ್ತು ಹಿರಿಯರ ಮುಂದ ಹೇಳಿದ್ರ ಅವರು ಖಾತ್ರಿ ಮಾಡಾಕ ಮನಿಗೆ ಬಂದು ಮುದುಕಿನ್ನ ಕೇಳತಿದ್ರಂತ. ಆ ಮುದುಕೀಗೆ ಮಗ ಎರಡನೇ ಸಲ ಸಾಯತಿದ್ದ ಅಂದ್ಲು.”

“ನನ್ನ ಬಗ್ಗೆ?”

ಆಕೆ ತಲೆಯಲ್ಲಾಡಿಸಿದಳು. “ನಿಮ್ಮ ಸುದ್ದಿ ಎಂದೂ ತಗೀಲಿಲ್ರಿ. ನೋಡಿದಾಕಿ ಒಬ್ಬಾಕಿ ಇದ್ಲು ಅಂತ ನನಗ ಇವತ್ತ ಗೊತ್ತಾತು.”

ಚಿಗವ್ವ ದಿನಾ ನನಗಾಗಿ ಪ್ರಾರ್ಥಿಸುತ್ತಿದ್ದರು ಎಂದು ಆಕೆ ಹೇಳಬಹುದೆಂದು ಒಳಗೊಳಗೇ ಆಸೆಪಟ್ಟಿದ್ದೆ. ಹೇಳಲಿಲ್ಲ. ಕ್ಷಮಿಸಿದ್ದರೋ ಇಲ್ಲವೋ ಅದೂ ಗೊತ್ತಿಲ್ಲ. ಆ ಮಾತು ಚಿಗವ್ವ ಮತ್ತು ಅವರ ಯಪ್ಪನ ನಡುವೆಯೇ ಉಳಿಯಿತು. ನನಗೆ ಕೇಳುವ ಹಕ್ಕೂ ಇಲ್ಲ.

ಮಣ್ಣು ಮಾಡಿದ ಜಾಗ ತೋರಿಸುತ್ತೀಯಾ ಎಂದು ಕೇಳಿದೆ. ಆಕೆ ಒಂದು ಕ್ಷಣ ಯೋಚಿಸಿ, “ಬರ್ರಿ” ಎಂದು ಎದ್ದಳು. ಬಿಸಿಲು ಏರಿತ್ತು. ಊರ ಹೊರಗಿನ ಸಮಾಧಿಯ ಬಯಲಿನಲ್ಲಿ ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ವಾಲಿದ ಶಿಲುಬೆಗಳು. ಆಕೆ ಹುಲ್ಲು ಸರಿಸುತ್ತ ಆಚೆ ಈಚೆ ನಡೆದಳು. “ಕಟ್ಟಿ ಕಟ್ಟಿಸಿರಲಿಲ್ರಿ. ಒಂದು ಕಟ್ಟಿಗಿ ಶಿಲುಬಿ ಇತ್ತು, ಗೆದ್ದಲ ಹಿಡದು ಹೋತು. ಇದೋ ಇಲ್ಲಾ ಆ ಕಡೀದೋ...” ಎಂದಳು.

ಎರಡು ದಿಬ್ಬಗಳ ನಡುವೆ ನಾನು ನಿಂತೆ. ಯಾವ ಕಡೆ ಮುಖ ಮಾಡಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಊರೂರು ಸುತ್ತಿ ಕ್ರಿಸ್ತನ ಜೊತೆ ಹೇಗಿರಬೇಕೆಂದು ಮಂದಿಗೆ ಹೇಳಿದವಳು, ಪ್ರಾರ್ಥನೆಯ ಒಂದು ಶಬ್ದ ಸಿಗದೆ ಬಿಸಿಲಿನಲ್ಲಿ ನಿಂತಿದ್ದೆ. ಕೊನೆಗೆ ಎರಡೂ ದಿಬ್ಬಗಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

“ನಾನ ಇದ್ನಿ ಚಿಗವ್ವಾ. ಅವತ್ತು ಹೊಳಿ ದಂಡ್ಯಾಗ ನಾನ ಇದ್ನಿ.”

ಸರಿಯಾದ ಮಣ್ಣಿಗೆ ಹೇಳಿದೆನೋ ಇಲ್ಲವೋ ಇಂದಿಗೂ ಗೊತ್ತಿಲ್ಲ.